ಔಷಧದ ಚೀಟಿಯೂ ಮನೆಯ ಗುಟ್ಟೂ

ಗೋಪ್ಯವಾಗಿಡತಕ್ಕ ವಿಷಯಗಳು ಒಂಬತ್ತು ಎಂದು ನಮ್ಮ ಹಿರಿಯರು ಎಣಿಸಿ ಹೇಳಿರುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಆಯುಸ್ಸು, ಹಣ, ಮನೆಯೊಳಗಿನ ಕುಂದುಕೊರತೆ ಇವುಗಳ ಸಾಲಿನಲ್ಲಿಯೇ ಔಷಧವನ್ನೂ ಅವರು ಸೇರಿಸಿದ್ದಾರೆ. ಹಣವನ್ನು ಮರೆಮಾಡುವುದು ಕಳ್ಳರ ಭಯದಿಂದ. ಔಷಧವನ್ನೇಕೆ ಮರೆಮಾಡಬೇಕು ಎಂದು ಕೇಳುವವರಿಗೆ ಉತ್ತರ ಸುಲಭವಾಗಿದೆ. ಔಷಧದ ಹೆಸರನ್ನು ತಿಳಿದವನು ರೋಗದ ಹೆಸರನ್ನೂ ತಿಳಿದಂತೆಯೇ. ರೋಗದ ಹೆಸರನ್ನು ತಿಳಿದವನು ಆ ಮನೆಯ ಭಯವನ್ನೂ, ಅವಶ್ಯಕತೆಯನ್ನೂ, ಕೆಲವು ವೇಳೆ ಆ ಮನೆಯ ಮಕ್ಕಳ ಮದುವೆಯ ಮಾತುಕತೆಯನ್ನೂ ತನ್ನ ಕೈಯಲ್ಲಿ ಹಿಡಿದುಕೊಂಡಂತಾಗುವುದು. ಫೋನಿನ ಮೂಲಕ ಔಷಧವನ್ನು ತರಿಸಿಕೊಳ್ಳುವ ಹೊಸ ಪದ್ಧತಿಯನ್ನೂ, ಅದರಿಂದ ಮನೆಯ ಗುಟ್ಟಿಗೆ ಒದಗುವ ಗತಿಯನ್ನೂ ಕುರಿತು ಈ ತಿಂಗಳು ನಾವು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕಡೆ ಬಳ್ಳಾರಿಯ ಸೀಮೆ, ಇನ್ನೊಂದು ಕಡೆ ಆಂಧ್ರದ ರಾಯದುರ್ಗದ ಸೀಮೆ. ಮಳೆ ಕಡಮೆ, ಶೇಂಗಾ ಬೆಳೆಯನ್ನು ನಂಬಿದ ಜನ. ಜ್ವರ, ನೆಗಡಿಗೆ ಬೇಕಾದ ಮಾತ್ರೆಯು ಹತ್ತಿರದಲ್ಲಿಯೇ ಸಿಕ್ಕುವುದು. ಆದರೆ ಹೃದಯಕ್ಕೆ, ನರಕ್ಕೆ, ಮನಸ್ಸಿಗೆ ಸಂಬಂಧಪಟ್ಟ ಕಾಯಿಲೆಯಾದರೆ ಬಳ್ಳಾರಿಗೋ ಚಿತ್ರದುರ್ಗಕ್ಕೋ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕು. ಅಲ್ಲಿ ಬರೆದುಕೊಟ್ಟ ಮಾತ್ರೆಯು ಮುಂದಿನ ತಿಂಗಳು ಊರಿನ ಮೆಡಿಕಲ್ ಷಾಪಿನಲ್ಲಿ ಸಿಕ್ಕದೆ ಹೋದರೆ ಅದೊಂದಕ್ಕಾಗಿ ಬಸ್ಸು ಹತ್ತಬೇಕು, ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಇಂತಹ ಮನೆಯವರ ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅಲ್ಲಿಂದಲೇ ಫೋನಿನಲ್ಲಿ ಔಷಧವನ್ನು ಗೊತ್ತುಮಾಡಿ, ತಂದೆತಾಯಿಗಳ ಬಾಗಿಲಿಗೆ ಪೆಟ್ಟಿಗೆ ಬರುವಂತೆ ಏರ್ಪಡಿಸಿದರೆ ಅದನ್ನು ಉಪಕಾರವೆಂದೇ ಹೇಳಬೇಕು. ಈ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ಇನ್ನೊಂದು ಕಾರಣದಿಂದಲೂ ಜನರು ಈ ದೂರದ ಅಂಗಡಿಗಳನ್ನು ಹುಡುಕಿಕೊಂಡು ಹೋಗುವರು. ಹಳ್ಳಿಯ ಔಷಧದಂಗಡಿಯ ಮುಂದೆ ಯಾವಾಗಲೂ ನಾಲ್ಕು ಜನ ನಿಂತಿರುವರು. ಅವರಲ್ಲಿ ಒಬ್ಬರು ನೆಂಟರು, ಒಬ್ಬರು ನೆರೆಯವರು, ಒಬ್ಬರು ಹಿಂದೆ ಜಗಳವಾಡಿದವರು. ಹೆಂಗಸರ ಕಾಯಿಲೆಗೆ, ಮನಸ್ಸಿನ ಕಾಯಿಲೆಗೆ, ಮಕ್ಕಳಾಗದಿರುವುದಕ್ಕೆ ಬೇಕಾದ ಔಷಧವನ್ನು ಅವರೆಲ್ಲರ ಎದುರಿನಲ್ಲಿ ಬಾಯಿಬಿಟ್ಟು ಕೇಳುವುದು ಯಾರಿಗೆ ಸುಲಭ? ಫೋನಿನಲ್ಲಿಯಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪೆಟ್ಟಿಗೆಯು ಮುಚ್ಚಿಕೊಂಡೇ ಬರುವುದು. ಗುಟ್ಟು ಉಳಿಯಿತೆಂದು ಮನಸ್ಸು ಹಗುರವಾಗುವುದು.

ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತು ಇಲ್ಲಿಯೇ ಇದೆ. ನೆರೆಯವನಿಗೆ ಮರೆಮಾಡಿದ ಸಂಗತಿಯನ್ನು ನಾವು ಕಂಡರಿಯದವರಿಗೆ, ಅದೂ ಬರಹದ ಮೂಲಕವೇ, ಒಪ್ಪಿಸಿರುತ್ತೇವೆ. ನೆರೆಯವನು ಮರೆಯುವನು, ಇಲ್ಲವೆ ನಾಚಿಕೊಂಡು ಸುಮ್ಮನಾಗುವನು. ಬರೆದಿಟ್ಟ ಲೆಕ್ಕಕ್ಕೆ ಮರೆವೂ ಇಲ್ಲ, ನಾಚಿಕೆಯೂ ಇಲ್ಲ.

ಊರಿನ ಔಷಧದಂಗಡಿಯಲ್ಲಿಯೂ ಲೆಕ್ಕದ ಪುಸ್ತಕವಿಲ್ಲವೆ ಎಂದು ಕೇಳಬಹುದು. ಉಂಟು. ೧೯೪೦ರ ಔಷಧ ಮತ್ತು ಪ್ರಸಾಧನ ವಸ್ತುಗಳ ಕಾನೂನಿನ ಕೆಳಗೆ ೧೯೪೫ರಲ್ಲಿ ಮಾಡಿದ ನಿಯಮಗಳು ಇಂದಿಗೂ ನಡೆಯುತ್ತಿವೆ. ಅವುಗಳಿಗೆ ೨೦೧೩ರಲ್ಲಿ ಸೇರಿಸಿದ 'ಎಚ್ ೧' ಎಂಬ ಪಟ್ಟಿಯ ಔಷಧಗಳನ್ನು ಮಾರುವಾಗ ಬರೆದುಕೊಟ್ಟ ಡಾಕ್ಟರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಅದರ ಪ್ರಮಾಣ ಇಷ್ಟನ್ನೂ ಪ್ರತ್ಯೇಕವಾದ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೆ ಆ ಪುಸ್ತಕವು ಅಂಗಡಿಯನ್ನು ಬಿಟ್ಟು ತಿರುಗಾಡುವುದಿಲ್ಲ. ಪರೀಕ್ಷೆಗೆಂದು ಸರ್ಕಾರದ ಇನ್‌ಸ್ಪೆಕ್ಟರು ಬಂದಾಗ ತೋರಿಸುವುದಕ್ಕಾಗಿ ಅದು ಇರುವುದು. ಅದರಲ್ಲಿರುವುದು ಕೊಂಡ ಔಷಧದ ಸಂಗತಿ ಮಾತ್ರ. ಕೊಳ್ಳಬೇಕೆಂದು ಯೋಚಿಸಿ ಬಿಟ್ಟ ಔಷಧದ ಸಂಗತಿಯಲ್ಲ.

ದೂರದ ಅಂಗಡಿಯ ಪುಸ್ತಕವು ಇದಕ್ಕಿಂತ ಬಹಳ ದೊಡ್ಡದು. ಹೆಸರು, ಫೋನಿನ ನಂಬರು, ಮನೆಯ ವಿಳಾಸ ಇವು ಮೊದಲೇ ಹೋದವು. ಡಾಕ್ಟರ ಚೀಟಿಯ ಚಿತ್ರವನ್ನು ಕಳುಹಿಸಿದರೆ ರೋಗಿಯ ವಯಸ್ಸು, ಆಸ್ಪತ್ರೆಯ ಹೆಸರು, ಅನೇಕ ವೇಳೆ ರೋಗದ ಹೆಸರು ಸಹ ಅದರೊಡನೆ ಹೋಗುವುದು. ಯಾವ ಔಷಧದ ಪುಟವನ್ನು ತೆರೆದು ನೋಡಿದಿರಿ, ಯಾವುದನ್ನು ಬುಟ್ಟಿಗೆ ಹಾಕಿ ಮತ್ತೆ ತೆಗೆದಿರಿ ಎಂಬುದನ್ನೂ ಅಲ್ಲಿ ಗುರುತುಮಾಡಿಕೊಳ್ಳಲು ಸಾಧ್ಯ. ಇದರ ಮೇಲೆ ಕೆಲವು ಅಂಗಡಿಗಳವರು ತಮ್ಮ ಪುಟಗಳಲ್ಲಿ ಜಾಹಿರಾತಿನ ದೊಡ್ಡ ಕಂಪೆನಿಗಳು ಕೊಟ್ಟ ಒಂದು ಸಣ್ಣ ಯಂತ್ರಲಿಪಿಯನ್ನು ಸೇರಿಸಿಕೊಂಡಿರುವರು. ಇದಕ್ಕೆ 'ಪಿಕ್ಸೆಲ್' ಎಂದು ಹೆಸರು. ಅದು ಕಣ್ಣಿಗೆ ಕಾಣುವುದಿಲ್ಲ. ಈ ಫೋನಿನವರು ಈ ಹೊತ್ತಿನಲ್ಲಿ ಈ ಪುಟವನ್ನು ನೋಡಿದರು ಎಂಬ ವರದಿಯನ್ನು ಅದು ಆ ಕಂಪೆನಿಗೆ ಮುಟ್ಟಿಸುತ್ತಿರುವುದು. ಪುಟದ ಹೆಸರಿನಲ್ಲಿಯೇ ಔಷಧದ ಹೆಸರು ಇದ್ದರೆ ಹೇಳುವುದಕ್ಕೆ ಇನ್ನೇನು ಉಳಿಯಿತು?

ಇದು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. ಹೊರದೇಶಗಳಲ್ಲಿ ವಿಚಾರಣೆಗೆ ಬಂದು ದಂಡ ಬಿದ್ದ ಸಂಗತಿಗಳು ಹಲವಿವೆ. ಇಂಗ್ಲೆಂಡಿನ 'ಫಾರ್ಮಸಿ ಟು ಯೂ' ಎಂಬ ಅಂಗಡಿಯು ತನ್ನ ಗಿರಾಕಿಗಳಲ್ಲಿ ೨೦,೦೦೦ಕ್ಕೂ ಹೆಚ್ಚು ಜನರ ಹೆಸರು ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾರಿದ್ದಕ್ಕಾಗಿ, ೨೦೧೫ರ ಅಕ್ಟೋಬರಿನಲ್ಲಿ ಅಲ್ಲಿನ ಮಾಹಿತಿ ಕಮಿಷನರು ೧,೩೦,೦೦೦ ಪೌಂಡು ದಂಡ ವಿಧಿಸಿದರು. ಆ ಪಟ್ಟಿಯನ್ನು ಕೊಂಡವರಲ್ಲಿ ಒಂದು ಲಾಟರಿ ಕಂಪೆನಿಯೂ ಇತ್ತು. ಮುದುಕರೂ ದುರ್ಬಲರೂ ಅದರ ಗುರಿಯಾಗಿದ್ದಂತೆ ತೋರಿತು. ಔಷಧದ ಪಟ್ಟಿಗೂ ಲಾಟರಿಗೂ ಏನು ಸಂಬಂಧವೆಂದು ವಾಚಕರು ಆಶ್ಚರ್ಯಪಡಬಹುದು. ರೋಗದಿಂದ ಬಳಲುವವನು ಆಸೆಗೆ ಬೇಗ ಒಳಗಾಗುವನೆಂಬುದನ್ನು ವ್ಯಾಪಾರಿಯು ಬಲ್ಲನು.

ಅಮೆರಿಕದಲ್ಲಿ ಔಷಧದ ಬೆಲೆಯಲ್ಲಿ ರಿಯಾಯಿತಿಯನ್ನು ದೊರಕಿಸುವ 'ಗುಡ್ ಆರ್‌ಎಕ್ಸ್' ಎಂಬ ಕಂಪೆನಿಯಿದೆ. ಅದು ೨೦೧೯ರಲ್ಲಿ ಹೃದ್ರೋಗ, ರಕ್ತದೊತ್ತಡ ಮುಂತಾದವುಗಳಿಗೆ ಔಷಧ ಕೊಂಡವರ ಪಟ್ಟಿಯನ್ನು ತಯಾರಿಸಿ, ಅವರ ಫೋನು ನಂಬರುಗಳನ್ನೂ ಮಿಂಚಂಚೆಯ ವಿಳಾಸಗಳನ್ನೂ ಫೇಸ್‌ಬುಕ್ಕಿಗೆ ಒಪ್ಪಿಸಿ, ಅವರಿಗೇ ಜಾಹಿರಾತು ತೋರಿಸುವಂತೆ ಮಾಡಿತೆಂದು ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ೨೦೨೩ರ ಫೆಬ್ರವರಿಯಲ್ಲಿ ಆಪಾದಿಸಿತು. ಕಂಪೆನಿಯು ೧೫ ಲಕ್ಷ ಡಾಲರು ತೆರಲು ಒಪ್ಪಿಕೊಂಡಿತು. ಸ್ವೀಡನ್ನಿನಲ್ಲಿ ಸರ್ಕಾರದ ಒಡೆತನದಲ್ಲಿಯೇ ಇರುವ 'ಅಪೋತೇಕೆಟ್' ಎಂಬ ಅಂಗಡಿಗೆ ೨೦೨೪ರಲ್ಲಿ ೩ ಕೋಟಿ ೭೦ ಲಕ್ಷ ಕ್ರೋನರು ದಂಡ ಬಿತ್ತು. ನಾವು ಮೇಲೆ ಹೇಳಿದ ಪಿಕ್ಸೆಲ್ಲಿನ ಒಂದು ಹೆಚ್ಚಿನ ಸೌಕರ್ಯವನ್ನು ಚಾಲನೆಗೊಳಿಸಿದ್ದರಿಂದ ಎರಡು ವರ್ಷಕ್ಕೂ ಮೇಲ್ಪಟ್ಟು ಗಿರಾಕಿಗಳ ಸಂಗತಿ ಹೊರಗೆ ಹೋಗುತ್ತಿದ್ದಿತು. ಸರ್ಕಾರದ ಅಂಗಡಿಯೆಂಬ ನಂಬಿಕೆಯಾಗಲಿ ಮುಂದುವರಿದ ದೇಶವೆಂಬ ಹೆಮ್ಮೆಯಾಗಲಿ ಇಲ್ಲಿ ಕಾವಲಿಗೆ ಬರಲಿಲ್ಲ.

ಡಾಕ್ಟರ ಚೀಟಿ ಬೇಡದ ಸಾಮಾನ್ಯ ಔಷಧಕ್ಕೆ ಇಷ್ಟೊಂದು ಯೋಚನೆಯೇಕೆ ಎಂದು ಹೇಳುವವರೂ ಇರುವರು. ಇದಕ್ಕೆ ಐರೋಪ್ಯ ಒಕ್ಕೂಟದ ಶ್ರೇಷ್ಠ ನ್ಯಾಯಾಲಯವು ೨೦೨೪ರ ಅಕ್ಟೋಬರ್ ೪ರಂದು ಉತ್ತರ ಕೊಟ್ಟಿದೆ. ಚೀಟಿ ಬೇಡದ ಔಷಧವಾಗಿದ್ದರೂ, ಔಷಧಾಲಯದಲ್ಲಿಯೇ ಮಾರತಕ್ಕ ವಸ್ತುವನ್ನು ಒಬ್ಬನು ಅಂತರ್ಜಾಲದ ಮೂಲಕ ತರಿಸಿಕೊಂಡರೆ, ಆಗ ಅವನು ಬರೆಯುವ ಹೆಸರು, ವಿಳಾಸ, ಔಷಧದ ವಿವರ ಇವೆಲ್ಲವೂ ಆರೋಗ್ಯಕ್ಕೆ ಸಂಬಂಧಪಟ್ಟ ಮಾಹಿತಿಯೇ ಎಂದು ಅದು ತೀರ್ಮಾನಿಸಿತು. ನಮ್ಮ ಹಿರಿಯರ ಎಣಿಕೆಯೂ ಇದೇ ಅಲ್ಲವೆ? ಅವರು ದೊಡ್ಡ ಔಷಧ, ಚಿಕ್ಕ ಔಷಧ ಎಂದು ಭೇದಮಾಡಲಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಊರಿನ ಔಷಧದಂಗಡಿಯು ಕೈ ಬದಲಾಯಿಸಿದರೆ ಅದು ನಮ್ಮ ಕಣ್ಣಿಗೆ ಕಾಣುವುದು. ದೂರದ ಅಂಗಡಿಯ ಒಡೆಯನು ಬದಲಾದರೆ ಪತ್ರಿಕೆಯನ್ನು ಓದುವವರಿಗೆ ಮಾತ್ರ ತಿಳಿಯುವುದು. ಬೆಂಗಳೂರಿನಲ್ಲಿ ನೆಲೆಸಿದ್ದ 'ಮೆಡ್‌ಲೈಫ್' ಎಂಬ ಕಂಪೆನಿಯು ೨೦೨೧ರಲ್ಲಿ 'ಫಾರ್ಮ್‌ಈಸಿ'ಯಲ್ಲಿ ಸೇರಿಹೋಯಿತು. ಅದೇ ವರ್ಷ '೧ಎಂಜಿ'ಯ ಬಹುಭಾಗವನ್ನು ಟಾಟಾ ಮನೆತನದ ಕಂಪೆನಿಯೂ, ಅದರ ಹಿಂದಿನ ವರ್ಷ 'ನೆಟ್‌ಮೆಡ್ಸ್'ನ ಬಹುಭಾಗವನ್ನು ರಿಲಯನ್ಸ್ ಕಂಪೆನಿಯೂ ಕೊಂಡುಕೊಂಡವು. ವ್ಯಾಪಾರದಲ್ಲಿ ಇದು ನಡೆಯತಕ್ಕದ್ದೇ. ಇದರಲ್ಲಿ ತಪ್ಪೇನನ್ನೂ ನಾವು ಆರೋಪಿಸುವುದಿಲ್ಲ. ಆದರೆ ಔಷಧದಂಗಡಿಯ ಬೆಲೆಬಾಳುವ ಆಸ್ತಿಗಳಲ್ಲಿ ಅದರ ಗಿರಾಕಿಗಳ ಪಟ್ಟಿಯೂ ಒಂದು ಎಂಬುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಇಂದು ಒಬ್ಬರನ್ನು ನಂಬಿ ಹೇಳಿದ್ದು ನಾಳೆ ಇನ್ನೊಬ್ಬರ ವಶಕ್ಕೆ ಹೋಗಬಹುದು.

ಇಷ್ಟರಿಂದ ನಮ್ಮ ಮನೆಗೆ ಒದಗುವ ಕಷ್ಟವೇನು ಎಂಬುದನ್ನು ನೋಡೋಣ. ಒಂದು ಮನೆಯನ್ನು ಭಾವಿಸಿಕೊಳ್ಳಿ. ತಂದೆ, ತಾಯಿ, ಮದುವೆಗೆ ಬಂದ ಮಗಳು, ಕಾಲೇಜಿಗೆ ಹೋಗುವ ಮಗ. ಎಲ್ಲರಿಗೂ ಸೇರಿ ಒಂದು ಒಳ್ಳೆಯ ಫೋನು. ಮಗಳಿಗೆ ಚಿಕ್ಕಂದಿನಲ್ಲಿ ಮೂರ್ಛೆರೋಗ ಕಾಣಿಸಿಕೊಂಡು, ಡಾಕ್ಟರ ಮಾತಿನಂತೆ ಮಾತ್ರೆ ತೆಗೆದುಕೊಳ್ಳುತ್ತ ಈಗ ಆರೋಗ್ಯವಾಗಿದ್ದಾಳೆ. ಮಾತ್ರೆಯು ತಿಂಗಳು ತಿಂಗಳು ಪೆಟ್ಟಿಗೆಯಲ್ಲಿ ಬರುತ್ತದೆ. ಗಂಡಿನ ಕಡೆಯವರು ಬಂದು ಕುಳಿತಿರುವ ಹೊತ್ತಿನಲ್ಲಿಯೇ, ಇಂತಹ ಮಾತ್ರೆ ಮುಗಿಯುತ್ತ ಬಂದಿದೆ, ಮತ್ತೆ ತರಿಸಿಕೊಳ್ಳಿ ಎಂಬ ಜ್ಞಾಪನೆಯು ಮೇಜಿನ ಮೇಲಿರುವ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಬೆಳಗಿದರೆ? ಮೂರ್ಛೆರೋಗವು ಹಿಂದೂ ವಿವಾಹದ ಕಾನೂನಿನಲ್ಲಿ ಬಹುಕಾಲ ಒಂದು ಅಡ್ಡಿಯಾಗಿದ್ದಿತು; ೧೯೯೯ರಲ್ಲಿ ಆ ಮಾತನ್ನು ಕಾನೂನಿನಿಂದ ತೆಗೆದುಹಾಕಿದರು. ಕಾನೂನು ಬಿಟ್ಟುಕೊಟ್ಟ ಅಂಜಿಕೆಯನ್ನು ಊರು ಇನ್ನೂ ಬಿಟ್ಟುಕೊಟ್ಟಿಲ್ಲ. ಮದುವೆಯಾಗುವವನಿಗೆ ಸತ್ಯವನ್ನು ಹೇಳಬಾರದೆಂದು ನಮ್ಮ ಅಭಿಪ್ರಾಯವಲ್ಲ; ಹೇಳಲೇಬೇಕು. ಆದರೆ ಯಾವಾಗ, ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕೆಂಬುದು ಆ ಹುಡುಗಿಗೂ ಅವಳ ತಂದೆತಾಯಿಗಳಿಗೂ ಸೇರಿದ ಹಕ್ಕು. ಅದನ್ನು ಫೋನು ಕಸಿದುಕೊಳ್ಳಬಾರದು.

ರೋಗದ ಸುದ್ದಿಯು ವಿಳಾಸದೊಡನೆ ಹೊರಬಿದ್ದರೆ ಏನಾಗುವುದೆಂಬುದನ್ನು ೨೦೨೦ರಲ್ಲಿ ನಾವೆಲ್ಲರೂ ಕಂಡೆವು. ಕೊರೋನಾ ಕಾಲದ ಮೊದಲಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ಉದ್ದೇಶವು ಊರಿನ ಕ್ಷೇಮವೇ ಆಗಿದ್ದಿತು. ಆದರೆ ಪಟ್ಟಿಯಲ್ಲಿದ್ದವರೆಲ್ಲರೂ ರೋಗಿಗಳಲ್ಲ. ಪರದೇಶದಿಂದ ಬಂದವರೆಂಬುದಷ್ಟೇ ಹಲವರ ಸಂಗತಿ. ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ವಿಪತ್ತಿನ ಕಾನೂನಿನ ಕೆಳಗೆ ಅಧಿಕಾರಿಗಳ ನಿರ್ದೇಶವಿದ್ದ ಹೊರತು ರೋಗಿಗಳ ಮನೆಯ ಬಾಗಿಲಿಗೆ ಚೀಟಿಯನ್ನು ಅಂಟಿಸಕೂಡದೆಂದು ಹೇಳಬೇಕಾಯಿತು. ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಕಿತ್ತುಹಾಕಬಹುದು. ಕೈಯಿಂದ ಕೈಗೆ ಹೋದ ಪಟ್ಟಿಯನ್ನು ಕೀಳುವವರು ಯಾರು?

ನಮ್ಮ ದೇಶದಲ್ಲಿ ಇದಕ್ಕೆ ರಕ್ಷಣೆಯಿಲ್ಲವೆ ಎಂದರೆ, ಉಂಟು. ಅದರ ಮೂಲದಲ್ಲಿ ನಮ್ಮ ನಾಡಿನವರೇ ಒಬ್ಬರು ನಿಂತಿರುವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರ ವಿಚಾರಣೆಯಲ್ಲಿ ಎದ್ದ ಪ್ರಶ್ನೆಗೆ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಉತ್ತರ ಕೊಟ್ಟು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅನಂತರ ೨೦೨೩ರ ಆಗಸ್ಟಿನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾನೂನು ಹುಟ್ಟಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಕರ್ತವ್ಯಗಳು ಅಲ್ಲಿಂದ ಹದಿನೆಂಟು ತಿಂಗಳ ಮೇಲೆ ಜಾರಿಗೆ ಬರತಕ್ಕವು.

ಈ ಕಾನೂನನ್ನು ಮಾಡಿದವರು ಔಷಧದಂಗಡಿಯನ್ನು ಮರೆತಿಲ್ಲ. ಒಬ್ಬಾಕೆ ಔಷಧದಂಗಡಿಯಲ್ಲಿ ಸಾಮಾನು ಕೊಂಡು, ರಸೀತಿಯನ್ನು ಫೋನಿಗೆ ಕಳುಹಿಸಿರೆಂದು ನಂಬರು ಕೊಟ್ಟರೆ, ಅಂಗಡಿಯವನು ಆ ನಂಬರನ್ನು ರಸೀತಿ ಕಳುಹಿಸುವುದಕ್ಕೆ ಉಪಯೋಗಿಸಬಹುದೆಂದು ಕಾನೂನಿನಲ್ಲಿಯೇ ಉದಾಹರಣೆಯಿದೆ. ಇನ್ನೊಂದು ಉದಾಹರಣೆಯಲ್ಲಿ, ದೂರದಿಂದಲೇ ವೈದ್ಯಸಲಹೆ ಕೊಡುವ ಕಂಪೆನಿಯೊಂದು ರೋಗಿಯ ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳನ್ನೆಲ್ಲ ಕೇಳುವುದು. ಆಕೆ ಒಪ್ಪಿಕೊಂಡಿದ್ದರೂ ಆ ಒಪ್ಪಿಗೆಯು ವೈದ್ಯಸಲಹೆಗೆ ಬೇಕಾದಷ್ಟಕ್ಕೆ ಮಾತ್ರ ಸಲ್ಲುವುದೆಂದು ಕಾನೂನು ಹೇಳುವುದು. ಒಪ್ಪಿಗೆಯನ್ನು ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿಯೇ ಓದುವ ಹಕ್ಕು ನಮಗಿದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು; ತಮ್ಮಲ್ಲಿರುವ ನಮ್ಮ ಸಂಗತಿಯನ್ನು ತೋರಿಸಿರೆಂದೂ, ತಿದ್ದಿರೆಂದೂ, ಅಳಿಸಿರೆಂದೂ ಕೇಳಬಹುದು. ಮಾಹಿತಿಯನ್ನು ಕಾಪಾಡುವುದರಲ್ಲಿ ತಪ್ಪಿದ ಕಂಪೆನಿಗೆ ೨೫೦ ಕೋಟಿ ರೂಪಾಯಿಗಳವರೆಗೂ ದಂಡ ಬೀಳಬಹುದು.

ಕಾನೂನು ಇಷ್ಟನ್ನು ಮಾಡಬಲ್ಲುದು. ಆದರೆ ಅದು ಕಂಪೆನಿಯ ಬಾಗಿಲಿನವರೆಗೆ ಬರುವುದೇ ಹೊರತು ನಮ್ಮ ಮನೆಯ ಹೊಸ್ತಿಲನ್ನು ದಾಟಲಾರದು. ಮನೆಯೊಳಗೆ ಒಂದು ಪ್ರಶ್ನೆಯಿದೆ. ಅದನ್ನು ಗೃಹಸ್ಥರೇ ಕೇಳಿಕೊಳ್ಳಬೇಕು. ರೋಗ ಒಬ್ಬರದು, ಫೋನು ಇನ್ನೊಬ್ಬರದು, ಒಪ್ಪಿಗೆಯ ಗುಂಡಿಯನ್ನು ಒತ್ತುವ ಬೆರಳು ಮತ್ತೊಬ್ಬರದು. ಬೆಂಗಳೂರಿನ ಮಗನು ಊರಿನ ತಾಯಿಯ ಚೀಟಿಯನ್ನು ಕಳುಹಿಸುವಾಗ ಅವಳನ್ನು ಒಂದು ಮಾತು ಕೇಳಿರುವನೆ? ಸೊಸೆಯ ಔಷಧದ ಲೆಕ್ಕವು ಮಾವನ ಫೋನಿನಲ್ಲಿಯೂ ಮೈದುನನ ಫೋನಿನಲ್ಲಿಯೂ ಕಾಣುವಂತಿದ್ದರೆ ಅದು ಅವಳಿಗೆ ಇಷ್ಟವೆ? ಉಪಕಾರಮಾಡುವವನಿಗೆ ಗುಟ್ಟನ್ನು ಹಂಚುವ ಅಧಿಕಾರ ತಾನಾಗಿ ಬರುವುದಿಲ್ಲ. ಓದುಬರಹ ಬಾರದ ಹಿರಿಯರಿಗಾದರೂ, 'ಅಮ್ಮಾ, ನಿನ್ನ ಕಾಯಿಲೆಯ ಚೀಟಿಯನ್ನು ಇಂಥವರಿಗೆ ಕಳುಹಿಸುತ್ತಿದ್ದೇನೆ, ಆಗಬಹುದೆ?' ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಆ ಮಾತಿನಲ್ಲಿ ಔಷಧಕ್ಕಿಂತ ಕಡಮೆಯಿಲ್ಲದ ಸಮಾಧಾನವಿರುವುದು.

ಇನ್ನು ಕೈಯಲ್ಲಿ ಮಾಡತಕ್ಕ ಕೆಲವು ಕೆಲಸಗಳನ್ನು ಹೇಳಿ ಮುಗಿಸುವೆವು. ಔಷಧವು ಊರಿನಲ್ಲಿಯೇ ಅಥವಾ ಸರ್ಕಾರದ ಜನೌಷಧಿ ಅಂಗಡಿಯಲ್ಲಿ ಸಿಕ್ಕುವುದಾದರೆ ಅಲ್ಲಿಯೇ ಕೊಳ್ಳಿರಿ. ಜನ ನಿಂತಿದ್ದರೆ ಹೆಸರನ್ನು ಬಾಯಿಬಿಟ್ಟು ಹೇಳದೆ ಚೀಟಿಯನ್ನು ತೋರಿಸಿರಿ. ದೂರದಿಂದ ತರಿಸುವುದಾದರೆ, ಲೈಸೆನ್ಸು ಪಡೆದ ಔಷಧಾಲಯದ ಹೆಸರನ್ನೂ ವಿಳಾಸವನ್ನೂ ಸ್ಪಷ್ಟವಾಗಿ ತೋರಿಸದ ಅಂಗಡಿಯ ಹತ್ತಿರ ಸುಳಿಯಬೇಡಿರಿ. ಕೇಳಿದಷ್ಟನ್ನೆಲ್ಲ ಕೊಡದೆ, ಬೇಕಾದಷ್ಟನ್ನೇ ಕೊಡಿರಿ. ಔಷಧ ಬರೆದ ಚೀಟಿಯೊಂದು ಸಾಕಾಗಿರುವಲ್ಲಿ ಆಸ್ಪತ್ರೆಯ ಕಾಗದಗಳ ಕಟ್ಟನ್ನೇ ಕಳುಹಿಸಬಾರದು. ನೆಂಟರ ನಂಬರುಗಳನ್ನು ನೋಡಲು ಅಪ್ಪಣೆ ಕೇಳಿದರೆ ಕೊಡಬೇಡಿರಿ. ಮುಚ್ಚಿದ ಫೋನಿನ ಮುಖದ ಮೇಲೆ ಸಂದೇಶಗಳ ಒಳಗಿನ ಮಾತು ಕಾಣದಂತೆ ಮಾಡಿರಿ. ಇದನ್ನು ಕಾಲೇಜಿಗೆ ಹೋಗುವ ಹುಡುಗನು ಒಂದು ಗಳಿಗೆಯಲ್ಲಿ ಮಾಡಿಕೊಡುವನು. ಬಂದ ಪೆಟ್ಟಿಗೆಯ ಮೇಲಿನ ಹೆಸರು ವಿಳಾಸದ ಕಾಗದವನ್ನು ಹರಿದ ಮೇಲೆಯೇ ಪೆಟ್ಟಿಗೆಯನ್ನು ಹೊರಗೆ ಹಾಕಿರಿ. ಔಷಧ ನಿಂತುಹೋದ ಮೇಲೆ ಲೆಕ್ಕವನ್ನು ಮುಚ್ಚಿ, ಅಳಿಸಿರೆಂದು ಬರೆದು ಕೇಳಿರಿ. ಕಾನೂನಿನಂತೆ ಇಡಲೇಬೇಕಾದುದನ್ನು ಅವರು ಇಟ್ಟುಕೊಳ್ಳುವರು, ಉಳಿದುದಾದರೂ ಹೋಗಲಿ.

ಇನ್ನೊಂದು ಎಚ್ಚರಿಕೆಯನ್ನು ಮುಖ್ಯವಾಗಿ ಹಿರಿಯರಿಗೆ ಹೇಳಬೇಕು. ಅಪರಿಚಿತನೊಬ್ಬನು ಫೋನುಮಾಡಿ, ನೀವು ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನು ಸರಿಯಾಗಿ ಹೇಳಿದ ಮಾತ್ರಕ್ಕೆ ಅವನು ನಿಮ್ಮ ಡಾಕ್ಟರ ಕಡೆಯವನೆಂದು ನಂಬಬಾರದು. ಮಾತ್ರೆಯ ಹೆಸರು ಅವನಿಗೆ ಹೇಗೆ ತಿಳಿಯಿತೆಂಬುದೇ ನೀವು ಮೊದಲು ಕೇಳಬೇಕಾದ ಪ್ರಶ್ನೆ. ಗುಪ್ತಸಂಖ್ಯೆಯನ್ನು ಅವನಿಗೆ ಹೇಳಬಾರದು. ಹಣ ಕಳೆದುಕೊಂಡರೆ ತಡಮಾಡದೆ ೧೯೩೦ ಎಂಬ ನಂಬರಿಗೆ ತಿಳಿಸಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದನ್ನು ಬಲ್ಲವರು ಬಲ್ಲರು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಕಂಡು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂಬ ಮಾತುಗಳು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಆ ಕಲ್ಲಿನ ಮೇಲೆ ಅಳಿಯದೆ ಉಳಿದಿವೆ. ಎಲ್ಲರೂ ಓದಲೆಂದೇ ಅರಸನು ಅವುಗಳನ್ನು ಬಂಡೆಯ ಮೇಲೆ ಬರೆಯಿಸಿದನು. ನಮ್ಮ ತಾಯಿಯ ಮಾತ್ರೆಯ ಹೆಸರನ್ನು ಹಾಗೆ ಬಂಡೆಯ ಮೇಲೆ ಬರೆಯಿಸಲು ಯಾರೂ ಒಪ್ಪುವುದಿಲ್ಲ. ಒಪ್ಪಿಗೆಯ ಗುಂಡಿಯನ್ನು ಒತ್ತುವುದಕ್ಕೆ ಮುಂಚೆ ಇದೊಂದನ್ನು ಗೃಹಸ್ಥರೂ ಗೃಹಿಣಿಯರೂ ನೆನೆದುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.